ಬಿ.ಕಾಂ ಮುಗಿಯಿತು, ಅಕೌಂಟ್ಸ್ ಅಸಿಸ್ಟೆಂಟ್ ಇಂಟರ್‌ವ್ಯೂಗೆ ತಯಾರಿ ಹೇಗೆ?

ಹೊಸಖಾತೆ
ಎಲ್ಲರಿಗೂ ನಮಸ್ಕಾರ. ಬಿ.ಕಾಂ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದಿದೆ. ಬೆಂಗಳೂರು ಅಥವಾ ಹುಬ್ಬಳ್ಳಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಬೇಕು. ಇಂಟರ್‌ವ್ಯೂನಲ್ಲಿ ನಿಜಕ್ಕೂ ಏನು ಕೇಳುತ್ತಾರೆ? ಮೂರು ವರ್ಷದ ಪಠ್ಯವನ್ನೆಲ್ಲ ಮತ್ತೆ ಓದಬೇಕೇ? ಟ್ಯಾಲಿ ಸರ್ಟಿಫಿಕೇಟ್ ಬೇಕೇಬೇಕೇ? ಕೈಯಲ್ಲಿ ಒಂದು ತಿಂಗಳು ಸಮಯವಿದೆ.

ಜಮಾಖರ್ಚು
ಪಠ್ಯ ಪೂರ್ತಿ ಓದುವುದು ಬೇಡ. ಈ ಕೆಲಸಕ್ಕೆ ಜನ ಹುಡುಕುವವರಿಗೆ ವ್ಯಾಖ್ಯಾನ ಬಾಯಿಪಾಠ ಇದ್ದವರು ಬೇಕಿಲ್ಲ. ಬಿಲ್ ಕೈಗೆ ಕೊಟ್ಟರೆ ಅದನ್ನು ಸರಿಯಾದ ಖಾತೆಗೆ ಹಾಕುವವರು ಬೇಕು. ಹಾಗಾಗಿ ಈ ಒಂದು ತಿಂಗಳಲ್ಲಿ ಮಾಡಬೇಕಾದ್ದು ಒಂದೇ: ಒಂದು ಚಿಕ್ಕ ಅಂಗಡಿಯ ಒಂದು ತಿಂಗಳ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಬರೆಯಿರಿ. ಖರೀದಿ ಬಿಲ್ 20, ಮಾರಾಟದ ಬಿಲ್ 30, ಬ್ಯಾಂಕಿನ ಪಾವತಿ-ರಸೀದಿ 15, ಸಣ್ಣಪುಟ್ಟ ನಗದು ಖರ್ಚು ಒಂದಷ್ಟು. ಬಿಲ್‌ಗಳನ್ನು ನೀವೇ ಕಾಗದದ ಮೇಲೆ ಸೃಷ್ಟಿಸಿಕೊಳ್ಳಿ. ಕಿರ್ದಿಯಿಂದ (ಜರ್ನಲ್) ಖತಾವಣಿ (ಲೆಡ್ಜರ್), ಅಲ್ಲಿಂದ ಟ್ರಯಲ್ ಬ್ಯಾಲೆನ್ಸ್, ಬ್ಯಾಂಕ್ ತಾಳೆ, ಜಿಎಸ್‌ಟಿ ಲೆಕ್ಕ, ಕೊನೆಗೆ ಲಾಭ-ನಷ್ಟ. ಇಷ್ಟನ್ನು ಒಮ್ಮೆ ಕೈಯಾರೆ ಮುಗಿಸಿದವರಿಗೆ ಇಂಟರ್‌ವ್ಯೂನ ಹತ್ತರಲ್ಲಿ ಎಂಟು ಪ್ರಶ್ನೆ ಗುರುತಿನ ಮುಖದಂತೆ ಕಾಣುತ್ತವೆ.

ಸಾಮಾನ್ಯವಾಗಿ ಮೂರು ಸುತ್ತು. ಮೊದಲು ಅರ್ಧ ಗಂಟೆಯ ಕಾಗದದ ಅಥವಾ ಟ್ಯಾಲಿಯ ಪರೀಕ್ಷೆ, ಆಮೇಲೆ ಅಕೌಂಟೆಂಟ್ ಜೊತೆ ಮಾತು, ಕೊನೆಗೆ ಮಾಲೀಕರು ಅಥವಾ ಎಚ್‌ಆರ್ ಜೊತೆ ಸಂಬಳದ ಮಾತು. ಚಿಕ್ಕ ಸಂಸ್ಥೆಗಳಲ್ಲಿ ಮೂರೂ ಒಂದೇ ದಿನ ಮುಗಿಯುತ್ತವೆ. ಜನ ಹೆಚ್ಚಾಗಿ ಬೀಳುವುದು ಮೊದಲನೆಯದರಲ್ಲೇ.

ಹೊಸಖಾತೆ
ಮನೆಯಲ್ಲಿ ಟ್ಯಾಲಿ ಇಲ್ಲ ಸರ್. ಕೋರ್ಸಿಗೆ ಸೇರಬೇಕಾ?

ಜಮಾಖರ್ಚು
ಟ್ಯಾಲಿಯ ಈಗಿನ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್ ಅನ್ನು ಅವರ ವೆಬ್‌ಸೈಟಿನಿಂದ ಇಳಿಸಿಕೊಂಡು ಎಜುಕೇಷನಲ್ ಮೋಡ್‌ನಲ್ಲಿ ತೆರೆಯಿರಿ, ದುಡ್ಡು ಕೊಡುವುದು ಬೇಡ. ಅದರಲ್ಲಿ ಒಂದು ಮಿತಿ ಇದೆ: ತಿಂಗಳ 1, 2 ಮತ್ತು 31ನೇ ತಾರೀಖಿನ ಎಂಟ್ರಿ ಮಾತ್ರ ತೆಗೆದುಕೊಳ್ಳುತ್ತದೆ. ಆದ್ದರಿಂದ ಅಭ್ಯಾಸಕ್ಕೆ 31 ದಿನ ಇರುವ ತಿಂಗಳನ್ನೇ ಆರಿಸಿ, ಬಿಲ್‌ಗಳನ್ನೂ ಆ ಮೂರು ದಿನಾಂಕಗಳಿಗೆ ಹಂಚಿ.

ಕೀಲಿಗಳು ಬೆರಳಿಗೆ ಬರಬೇಕು. ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಆಲ್ಟ್ ಹಿಡಿದು ಎಫ್5 ಒತ್ತಿದರೆ ಡೆಬಿಟ್ ನೋಟ್, ಎಫ್6 ಒತ್ತಿದರೆ ಕ್ರೆಡಿಟ್ ನೋಟ್. ಹಳೆಯ ಟ್ಯಾಲಿ ಇಆರ್‌ಪಿ 9ರಲ್ಲಿ ಇವೆರಡೂ ಬೇರೆ ಕೀಲಿಗಳಲ್ಲಿದ್ದವು, ಯೂಟ್ಯೂಬಿನ ಹಳೆಯ ವಿಡಿಯೊ ನೋಡಿ ಕಲಿತರೆ ಇಲ್ಲಿ ಎಡವುತ್ತೀರಿ. ಎಫ್2 ತಾರೀಖು ಬದಲಿಸಲು, ಎಂಟ್ರಿ ಮಧ್ಯದಲ್ಲೇ ಹೊಸ ಲೆಡ್ಜರ್ ತೆರೆಯಲು ಆಲ್ಟ್ ಸಿ, ಉಳಿಸಲು ಕಂಟ್ರೋಲ್ ಎ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಇಂಥ ಕಡೆ. ಬಿಲ್ಲಿನ ದಿನಾಂಕ ಹಾಕದೆ ತೆರೆಯ ಮೇಲಿದ್ದ ದಿನಾಂಕದಲ್ಲೇ ಎಂಟ್ರಿ ಮುಗಿಸುತ್ತಾರೆ. ಸರಬರಾಜುದಾರರ ಇನ್‌ವಾಯ್ಸ್ ಸಂಖ್ಯೆಯ ಜಾಗ ಖಾಲಿ ಬಿಡುತ್ತಾರೆ. ಹೊಸ ಪಾರ್ಟಿಯ ಲೆಡ್ಜರ್ ತೆರೆಯುವಾಗ ಗ್ರೂಪ್ ತಪ್ಪುತ್ತದೆ, ಸಂಡ್ರಿ ಕ್ರೆಡಿಟರ್ಸ್ (ನಾವು ಹಣ ಕೊಡಬೇಕಾದವರು) ಅಡಿ ಹೋಗಬೇಕಾದವರು ಡೆಟರ್ಸ್ (ನಮಗೆ ಕೊಡಬೇಕಾದವರು) ಅಡಿ ಕೂರುತ್ತಾರೆ. ಟ್ರಯಲ್ ಬ್ಯಾಲೆನ್ಸ್ ಆಗಲೂ ಸರಿಹೋಗುತ್ತದೆ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಮಾಡುವವರು ನೇರವಾಗಿ ಬ್ಯಾಲೆನ್ಸ್ ಶೀಟ್ ತೆರೆದು ಇದನ್ನೇ ನೋಡುತ್ತಾರೆ.

ಸರ್ಟಿಫಿಕೇಟ್ ಇದ್ದರೆ ರೆಸ್ಯೂಮೆ ಒಂದು ಜರಡಿ ದಾಟುತ್ತದೆ, ಅಷ್ಟೇ. ಕೀಬೋರ್ಡ್ ಮುಂದೆ ಕೂರಿಸಿದ ಮೇಲೆ ಅದು ಕೈ ಹಿಡಿಯುವುದಿಲ್ಲ.

ಧಾರವಾಡ್ ಪೇಢೆ
ಸರ್ ಹೇಳಿದ್ದು ಖರೆ ಐತ್ರಿ. ನಾ ಇದಕ್ಕ ಬ್ಯಾಂಕ್ ತಾಳಿ ಬಗ್ಗೆ ಒಂದೀಟು ಸೇರಸ್ತೀನಿ, ಯಾಕಂದ್ರ ಬಿಆರ್‌ಎಸ್ (ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಪುಸ್ತಕಕ್ಕೂ ತಾಳಿ ನೋಡೋ ಪಟ್ಟಿ) ಕೇಳದ ಇಂಟರ್‌ವ್ಯೂ ಇಲ್ಲ. ಲೆಕ್ಕ ಹಿಂಗ ಇರ್ತದ: ಕ್ಯಾಶ್ ಬುಕ್ ಪ್ರಕಾರ ಬ್ಯಾಂಕಿನ್ಯಾಗ 48,500 ಅದ. ಕೊಟ್ಟ ಚೆಕ್ 12,000 ಇನ್ನೂ ಪಾಸ್ ಆಗಿಲ್ಲ. ಬ್ಯಾಂಕಿಗೆ ಹಾಕಿದ ಚೆಕ್ 7,500 ಜಮಾ ಆಗಿಲ್ಲ. ಬ್ಯಾಂಕಿನವರು ಚಾರ್ಜ್ ಅಂತ 590 ಕಡದಾರ. ಪಾಸ್‌ಬುಕ್ ಎಷ್ಟು ತೋರಸ್ಬೇಕು?

48,500ಕ್ಕ 12,000 ಕೂಡಸ್ರಿ, 7,500 ಕಳೀರಿ, 590 ಕಳೀರಿ. 52,410. ಇಷ್ಟು ಎಲ್ಲಾರೂ ಹೇಳ್ತಾರ. ಮುಂದಿನ ಪ್ರಶ್ನೆ ನೋಡ್ರಿ: ‘ಇದರಾಗ ಯಾವುದಕ್ಕ ನಮ್ಮ ಪುಸ್ತಕದಾಗ ಎಂಟ್ರಿ ಹಾಕಬೇಕು?’ ಚೆಕ್ ಎರಡಕ್ಕೂ ಏನೂ ಹಾಕೂದಿಲ್ಲ, ಅವು ದಿನ ಕಳದ ಮ್ಯಾಲ ತಾವ ಸರಿಹೋಗ್ತಾವ. 590ಕ್ಕ ಮಾತ್ರ ಹಾಕಬೇಕು. ಅದರಾಗೂ 590 ಪೂರ್ತಿ ಬ್ಯಾಂಕ್ ಚಾರ್ಜಸ್‌ಗೆ ಹಾಕಬ್ಯಾಡ್ರಿ. 500 ಚಾರ್ಜು, ಉಳಿದ 90 ಶೇ. 18 ಜಿಎಸ್‌ಟಿ. ಇನ್‌ಪುಟ್ ಸಿಜಿಎಸ್‌ಟಿ (ಕೇಂದ್ರದ ಪಾಲು) 45, ಇನ್‌ಪುಟ್ ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 45 ಅಂತ ಬ್ಯಾರೆ ತೋರಸ್ರಿ. ತಿಂಗಳಾ ಇಂಥಾ ಹತ್ತು ಚಾರ್ಜ್ ಇರ್ತಾವ, ವರ್ಷಕ್ಕ ಎಷ್ಟು ಕ್ರೆಡಿಟ್ (ನಾವು ಕಟ್ಟೂ ತೆರಿಗಿಯಾಗ ಕಳಕೋಬಹುದಾದ, ಮೊದಲ ಕೊಟ್ಟ ತೆರಿಗಿ) ಬಿಟ್ಟಂಗ ಆತು ಲೆಕ್ಕ ಹಾಕ್ರಿ. ಈ 90 ರೂಪಾಯಿ ಗುರುತಿಸಿದವರನ್ನ ಎದುರಿಗೆ ಕುಂತವರು ಮರಿಯೂದಿಲ್ಲ.

ಬಿಲ್‌ಬುಕ್
ಜಿಎಸ್‌ಟಿ ಬಗ್ಗೆ ನಾನು ಬರೆಯುತ್ತೇನೆ. ಫ್ರೆಷರ್‌ಗೆ ಕಾಯ್ದೆಯ ಆಳ ಕೇಳುವುದಿಲ್ಲ, ಈ ಕೆಳಗಿನದು ಕೇಳಿಯೇ ಕೇಳುತ್ತಾರೆ.

ಜಿಎಸ್‌ಟಿ ಸಂಖ್ಯೆ ಓದುವುದು: 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. ಮುಂದಿನ ಹತ್ತು ಪ್ಯಾನ್. ಬಿಲ್ ಮೇಲಿನ ಮೊದಲ ಎರಡು ಅಂಕಿ ನೋಡಿದರೆ ಮಾಲು ರಾಜ್ಯದೊಳಗಿನದೋ ಹೊರಗಿನದೋ ಎಂಬ ಅಂದಾಜು ತಕ್ಷಣ ಸಿಗುತ್ತದೆ. ಹುಬ್ಬಳ್ಳಿಯಿಂದ ಬೆಳಗಾವಿಗೆ ಕಳಿಸಿದ 40,000ದ ಮಾಲಿಗೆ ಶೇ. 18ರ ದರದಲ್ಲಿ ಸಿಜಿಎಸ್‌ಟಿ 3,600, ಎಸ್‌ಜಿಎಸ್‌ಟಿ 3,600. ಅದೇ ಮಾಲು ಪುಣೆಗೆ, ಅಂದರೆ ಬೇರೆ ರಾಜ್ಯಕ್ಕೆ ಹೋದರೆ ಆ ಎರಡರ ಬದಲು ಐಜಿಎಸ್‌ಟಿ 7,200.

ದಿನಾಂಕಗಳು: ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11ಕ್ಕೆ, 3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್) 20ಕ್ಕೆ. 2ಬಿ ಹೇಳಿಕೆ (ಮಾರಿದವರು ತೋರಿಸಿದ ನಮ್ಮ ಖರೀದಿ ಬಿಲ್‌ಗಳ ಪಟ್ಟಿ) 14ನೇ ತಾರೀಖು ಸಿದ್ಧವಾಗುತ್ತದೆ. 5 ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದು, ಆಗ ಕರ್ನಾಟಕದವರಿಗೆ 3ಬಿ ಕೊನೆಯ ದಿನ 22. ದರದ ಬಗ್ಗೆ ಹಳೆಯ ಪುಸ್ತಕ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು 28ರಲ್ಲಿದ್ದ ಬಹುತೇಕ ಸರಕುಗಳು 5 ಮತ್ತು 18ಕ್ಕೆ ಬಂದಿವೆ.

ಇನ್ನು ಸೆಟ್‌ಆಫ್, ಅಂದರೆ ಕ್ರೆಡಿಟನ್ನು ಕಟ್ಟಬೇಕಾದ ತೆರಿಗೆಗೆ ಹೊಂದಿಸುವುದು. ಈ ಲೆಕ್ಕ ಬಿಡಿಸಲು ಕೊಡುತ್ತಾರೆ: ಕಟ್ಟಬೇಕಾದ್ದು ಐಜಿಎಸ್‌ಟಿ 9,000, ಸಿಜಿಎಸ್‌ಟಿ 6,000, ಎಸ್‌ಜಿಎಸ್‌ಟಿ 6,000. ಕೈಯಲ್ಲಿರುವ ಕ್ರೆಡಿಟ್ ಐಜಿಎಸ್‌ಟಿ 5,000, ಸಿಜಿಎಸ್‌ಟಿ 8,000, ಎಸ್‌ಜಿಎಸ್‌ಟಿ 4,000. ಮೊದಲು ಐಜಿಎಸ್‌ಟಿ ಕ್ರೆಡಿಟ್ ಖಾಲಿ ಮಾಡಬೇಕು, ಅಲ್ಲಿ 4,000 ಉಳಿಯಿತು. ಸಿಜಿಎಸ್‌ಟಿಯ 8,000ದಲ್ಲಿ 6,000 ತನ್ನ ಬಾಕಿಗೆ, ಮಿಕ್ಕ 2,000 ಐಜಿಎಸ್‌ಟಿಗೆ. ಎಸ್‌ಜಿಎಸ್‌ಟಿಯ 4,000 ತನ್ನ ಬಾಕಿಗೆ. ಕೊನೆಗೆ ನಗದಾಗಿ ಕಟ್ಟುವುದು ಐಜಿಎಸ್‌ಟಿ 2,000, ಎಸ್‌ಜಿಎಸ್‌ಟಿ 2,000. ಒಟ್ಟು ಕ್ರೆಡಿಟನ್ನು ಒಟ್ಟು ತೆರಿಗೆಯಿಂದ ಒಂದೇ ಏಟಿಗೆ ಕಳೆದರೂ ಇಲ್ಲಿ 4,000 ಎಂಬ ಉತ್ತರವೇ ಬರುತ್ತದೆ, ಹಾಗೆಂದು ದಾರಿ ಸರಿಯಾಯಿತು ಎಂದುಕೊಳ್ಳಬೇಡಿ. ಸಿಜಿಎಸ್‌ಟಿ ಕ್ರೆಡಿಟ್ ಎಸ್‌ಜಿಎಸ್‌ಟಿಗೆ ಹೋಗುವುದಿಲ್ಲ, ಎಸ್‌ಜಿಎಸ್‌ಟಿಯದು ಸಿಜಿಎಸ್‌ಟಿಗೆ ಬರುವುದಿಲ್ಲ. ಅಂಕಿ ಬದಲಾದರೆ ಉತ್ತರ ಕೆಡುತ್ತದೆ. ಹಂತ ಹಂತವಾಗಿ ಬರೆದು ತೋರಿಸಿ.

ಹೊಸಖಾತೆ
2ಬಿ ಜೊತೆ ಖರೀದಿ ಪುಸ್ತಕ ಹೊಂದುವುದಿಲ್ಲ ಎನ್ನುತ್ತಾರಲ್ಲ, ಅದು ಏಕೆ ಸರ್?

ಬಿಲ್‌ಬುಕ್
ಒಳ್ಳೆಯ ಪ್ರಶ್ನೆ, ದಿನನಿತ್ಯದ ತಲೆನೋವು ಇದೇ. ಒಂದು, ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ತೋರಿಸಿಯೇ ಇರುವುದಿಲ್ಲ. ಎರಡು, ತೋರಿಸಿದ್ದಾರೆ, ಆದರೆ ಬೇರೆ ಗ್ರಾಹಕರ ಜಿಎಸ್‌ಟಿ ಸಂಖ್ಯೆಗೆ ಹೋಗಿದೆ. ಮೂರನೆಯದು ನಮ್ಮ ಕಡೆಯ ತಪ್ಪು: ಬಿಲ್ ಮೇಲೆ ‘00123/25-26’ ಎಂದಿದೆ, ನಾವು ‘123’ ಎಂದು ಟೈಪಿಸಿದ್ದೇವೆ. ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಅಲ್ಲ. ಆದ್ದರಿಂದಲೇ ಮೇಲೆ ಜಮಾಖರ್ಚು ಸರ್ ಇನ್‌ವಾಯ್ಸ್ ಸಂಖ್ಯೆಯ ಜಾಗ ಖಾಲಿ ಬಿಡಬೇಡಿ ಎಂದದ್ದು. 2ಬಿಯಲ್ಲಿ ಕಾಣದ ಬಿಲ್ಲಿನ ಕ್ರೆಡಿಟನ್ನು ಆ ತಿಂಗಳು ತೆಗೆದುಕೊಳ್ಳಬಾರದು. ಮಾರಿದವರಿಗೆ ಫೋನ್ ಮಾಡಿ, ಮೇಲ್ ಹಾಕಿ, ಬಾಕಿ ಪಟ್ಟಿಯಲ್ಲಿ ಇಟ್ಟುಕೊಂಡು ಮುಂದಿನ ತಿಂಗಳು ನೋಡಬೇಕು. ಒಂದು ಆರ್ಥಿಕ ವರ್ಷದ ಬಿಲ್‌ಗೆ, ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಗಡುವು. ಅಷ್ಟರೊಳಗೆ ವಾರ್ಷಿಕ ರಿಟರ್ನ್ ಸಲ್ಲಿಸಿಬಿಟ್ಟರೆ ಅಂದಿಗೇ ಮುಗಿಯಿತು.

ಆಫೀಸಿನ ಪಾರ್ಟಿಗೆ ತರಿಸಿದ ಊಟದ ಬಿಲ್ಲಿಗೆ ಕ್ರೆಡಿಟ್ ಉಂಟೇ ಎಂದು ಕೊಕ್ಕೆ ಹಾಕುವವರಿದ್ದಾರೆ. ಇಲ್ಲ, ಸೆಕ್ಷನ್ 17(5) ಅದನ್ನು ತಡೆಯುತ್ತದೆ.

ಪಿವೋಟ್‌ಅಕ್ಕ
ಎಕ್ಸೆಲ್ ಅನ್ನು ಯಾರೂ ಮುಟ್ಟಲಿಲ್ಲ. ಟ್ಯಾಲಿಯಷ್ಟೇ ಮುಖ್ಯ ಅದು, ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಂತೂ ಅದೇ ಮೊದಲು. ಫಾರ್ಮುಲಾ ನಲವತ್ತು ಕಲಿಯಬೇಡ ತಮ್ಮಾ. ಸಮ್‌ಇಫ್ಸ್, ವಿಲುಕಪ್, ಇಫ್, ಟ್ರಿಮ್, ಪಿವೋಟ್ ಟೇಬಲ್ ಈ ಐದು ಕಣ್ಣು ಮುಚ್ಚಿ ಬರಲಿ.

ವಿಲುಕಪ್ ಕೊಟ್ಟಾಗ ಉತ್ತರ ಬರದೆ ‘ಎನ್‌ಎ’ ಎಂದು ತೋರಿಸಿದರೆ ಮುಂದೇನು ಎಂಬುದೇ ನಿಜವಾದ ಪರೀಕ್ಷೆ. ಹುಡುಕಿದ್ದು ಟೇಬಲ್ಲಿನಲ್ಲಿ ಇದ್ದೂ ಹೀಗಾದರೆ ಸಾಮಾನ್ಯ ಕಾರಣಗಳು ನಾಲ್ಕು. ಹುಡುಕುವ ಮೌಲ್ಯದ ಕೊನೆಗೆ ಕಣ್ಣಿಗೆ ಕಾಣದ ಸ್ಪೇಸ್ ಇದೆ, ಟ್ರಿಮ್ ಹಾಕು. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಅದೇ ಸಂಖ್ಯೆ ಪಠ್ಯವಾಗಿ ಕೂತಿದೆ (ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನ, ಅಂಕಿ ಎಡಕ್ಕೆ ಅಂಟಿಕೊಂಡಿರುತ್ತದೆ). ಫಾರ್ಮುಲಾ ಕೆಳಗೆ ಎಳೆದಾಗ ಟೇಬಲ್ ವ್ಯಾಪ್ತಿಯೂ ಜಾರಿದೆ, ಡಾಲರ್ ಚಿಹ್ನೆ ಹಾಕಿಲ್ಲ, ಎಫ್4 ಒತ್ತಬೇಕಿತ್ತು. ನಾಲ್ಕನೆಯದು, ಹುಡುಕುವ ಕಾಲಂ ಟೇಬಲ್ಲಿನ ಎಡತುದಿಯಲ್ಲಿಲ್ಲ. ಇವಕ್ಕಿಂತ ಅಪಾಯಕಾರಿ ಇನ್ನೊಂದಿದೆ: ಕೊನೆಯಲ್ಲಿ ಫಾಲ್ಸ್ ಹಾಕದೆ ಬಿಟ್ಟರೆ ಎಷ್ಟೋ ಸಲ ಎರರ್ ಬರುವುದಿಲ್ಲ, ತಪ್ಪು ಉತ್ತರವೇ ಸರಿಯಾದ ಉತ್ತರದ ಹಾಗೆ ಬಂದು ಕೂರುತ್ತದೆ.

ಮೊಬೈಲಿನಲ್ಲಿ ಇದೆಲ್ಲ ಕಲಿಯಲು ಆಗುವುದಿಲ್ಲ. ಕಂಪ್ಯೂಟರ್ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿನಲ್ಲೋ ಸೈಬರ್ ಸೆಂಟರಿನಲ್ಲೋ ದಿನಕ್ಕೆ ಒಂದು ಗಂಟೆ ಕೂರು.

ಹೊಸಖಾತೆ
ಖಂಡಿತ ಅಕ್ಕಾ. ನನ್ನ ದೊಡ್ಡ ಅಳುಕು ಇಂಗ್ಲಿಷ್. ಪಿಯುಸಿವರೆಗೂ ಕನ್ನಡ ಮಾಧ್ಯಮ.

ಜಮಾಖರ್ಚು
ಚಿಕ್ಕ ಸಂಸ್ಥೆ, ಆಡಿಟರ್ ಆಫೀಸುಗಳಲ್ಲಿ ಕನ್ನಡದಲ್ಲೇ ಮಾತಾಡಿ, ತೊಂದರೆಯಿಲ್ಲ. ಅಕೌಂಟ್ಸ್‌ನ ಪದಗಳು ಹೇಗೂ ಇಂಗ್ಲಿಷಿನವೇ.

ಪಿವೋಟ್‌ಅಕ್ಕ
ಇಲ್ಲಿ ನನ್ನದು ಭಿನ್ನಾಭಿಪ್ರಾಯ ಸರ್. ಹುಬ್ಬಳ್ಳಿ, ದಾವಣಗೆರೆಯಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಎದುರಿಗೆ ಕೂರುವವರಿಗೆ ಕನ್ನಡ ಬರದೇ ಇರಬಹುದು, ಕೆಲಸ ಸಿಕ್ಕ ಮೇಲೆ ಪಾರ್ಟಿಗಳಿಗೆ ಮೇಲ್ ಬರೆಯಬೇಕಾದ್ದೂ ಇಂಗ್ಲಿಷಿನಲ್ಲೇ. ಒಂದು ತಿಂಗಳಲ್ಲಿ ಭಾಷೆ ಕಲಿಯಲು ಹೊರಡಬೇಡ, ಆದರೆ ಆರು ಉತ್ತರಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು: ನಿನ್ನ ಪರಿಚಯ, ಖರೀದಿ ಬಿಲ್ ಬಂದಾಗ ಮಾಡುವ ಕೆಲಸ, ಬಿಆರ್‌ಎಸ್ ಹಂತಗಳು, ಡೆಬಿಟ್ ನೋಟ್ ಯಾವಾಗ ಕ್ರೆಡಿಟ್ ನೋಟ್ ಯಾವಾಗ, 2ಬಿ ಹೊಂದದಿದ್ದರೆ ಏನು ಮಾಡುತ್ತೀ, ಈ ಕೆಲಸ ಏಕೆ ಬೇಕು. ಪ್ರತಿಯೊಂದೂ ನಾಲ್ಕೈದು ಚಿಕ್ಕ ವಾಕ್ಯ, ಅಷ್ಟೇ. ಮಧ್ಯದಲ್ಲಿ ಮಾತು ಸಿಕ್ಕಿಹಾಕಿಕೊಂಡರೆ ಕಾಗದ ಕೇಳಿ ಪಡೆದು ಎಂಟ್ರಿ ಬರೆದು ತೋರಿಸು. ಡೆಬಿಟ್ ಕ್ರೆಡಿಟ್ ಸರಿ ಬರೆದವನ ವ್ಯಾಕರಣವನ್ನು ಯಾರೂ ಎಣಿಸುವುದಿಲ್ಲ.

ಪರಿಚಯದಲ್ಲಿ ಅಪ್ಪ ಅಮ್ಮ ಏನು ಮಾಡುತ್ತಾರೆ, ಹವ್ಯಾಸ ಏನು ಎಂದು ಶುರುಮಾಡಬೇಡ. ಓದು, ಬರುವ ಸಾಫ್ಟ್‌ವೇರ್, ಅಭ್ಯಾಸಕ್ಕೆ ಬರೆದ ಒಂದು ತಿಂಗಳ ಲೆಕ್ಕ. ಒಂದು ನಿಮಿಷ ಸಾಕು. ಆ ಲೆಕ್ಕದ ಟ್ರಯಲ್ ಬ್ಯಾಲೆನ್ಸ್ ಮತ್ತು ಬಿಆರ್‌ಎಸ್ ಪ್ರಿಂಟ್ ತೆಗೆದು ಫೈಲಿನಲ್ಲಿಟ್ಟುಕೊಂಡು ಹೋಗು. ಎಲ್ಲರ ಫೈಲಿನಲ್ಲೂ ಅಂಕಪಟ್ಟಿ ಇರುತ್ತದೆ, ಇದು ಇರುವುದಿಲ್ಲ.

ಜಮಾಖರ್ಚು
ಒಪ್ಪಿದೆ, ಮೇಡಂ ಹೇಳಿದ್ದೇ ಸರಿ. ರೆಸ್ಯೂಮೆ ಒಂದೇ ಪುಟ. ‘ಬೇಸಿಕ್ ಕಂಪ್ಯೂಟರ್’ ಎಂದು ಬರೆಯುವ ಬದಲು ‘ಟ್ಯಾಲಿ ಪ್ರೈಮ್: ಖರೀದಿ, ಮಾರಾಟ, ಬ್ಯಾಂಕ್ ರಿಕನ್ಸಿಲಿಯೇಷನ್’ ಎಂದು ಬರೆಯಿರಿ. ಬರೆದದ್ದನ್ನೇ ಮಾಡಿಸಿ ನೋಡುತ್ತಾರೆ, ಬಾರದ್ದನ್ನು ಬರೆಯಬೇಡಿ. ಪಿಡಿಎಫ್ ಕಳಿಸಿ, ಫೈಲಿಗೆ ನಿಮ್ಮ ಹೆಸರಿಡಿ.

ಲೆಕ್ಕದಮನೆ
ಸಂಬಳದ ಮಾತಿಗೂ ತಯಾರಿ ಬೇಕು. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದರೆ ಕೈಗೆ ಬರುವುದಲ್ಲ. ಉದಾಹರಣೆಗೆ ಬೇಸಿಕ್ 12,000, ಎಚ್‌ಆರ್‌ಎ 4,000, ಇತರೆ ಭತ್ಯೆ 1,500, ಒಟ್ಟು 17,500. ಪಿಎಫ್ ಬೇಸಿಕ್ ಮೇಲೆ ಲೆಕ್ಕ ಹಾಕುವ ಕಡೆ ಕಂಪನಿಯ ಪಾಲು ಶೇ. 12, ಅಂದರೆ 1,440. ಇಎಸ್‌ಐಯನ್ನು (ನೌಕರರ ವಿಮೆ) ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕುವ ಕಡೆ ಕಂಪನಿ ಶೇ. 3.25 ಹಾಕುತ್ತದೆ, ಸುಮಾರು 569. ಇವೆರಡನ್ನೂ ಸೇರಿಸಿ 19,509 ಎಂದು ಆಫರ್‌ನಲ್ಲಿ ತೋರಿಸುತ್ತಾರೆ. ನಿಮ್ಮ ಸಂಬಳದಿಂದ ಮತ್ತೆ ಪಿಎಫ್ 1,440, ಇಎಸ್‌ಐ ಶೇ. 0.75ರಂತೆ 132 ಕಡಿತ. ಕೈಗೆ ಬರುವುದು 15,928. ಕರ್ನಾಟಕದಲ್ಲಿ ವೃತ್ತಿ ತೆರಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳದವರಿಗೆ ಮಾತ್ರ, ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಈ ಲೆಕ್ಕವನ್ನೇ ಅಕೌಂಟ್ಸ್ ಪ್ರಶ್ನೆಯಾಗಿಯೂ ಕೇಳುತ್ತಾರೆ.

‘ಎಷ್ಟು ನಿರೀಕ್ಷೆ?’ ಎಂದಾಗ ‘ನೀವು ಕೊಟ್ಟಷ್ಟು’ ಎನ್ನಬೇಡಿ. ಪಿಜಿ ಬಾಡಿಗೆ, ಊಟ, ಬಸ್ ಪಾಸ್ ಲೆಕ್ಕ ಹಾಕಿ ಕೈಗೆ ಬರಬೇಕಾದ ಕನಿಷ್ಠ ಮೊತ್ತ ಮೊದಲೇ ಗೊತ್ತಿರಲಿ, ‘ಕೈಗೆ ಇಷ್ಟು’ ಎಂದೇ ಹೇಳಿ. ಸಂಬಳ ತುಸು ಕಡಿಮೆಯಾದರೂ ಆಡಿಟರ್ ಆಫೀಸಿನಲ್ಲಿ ಒಂದೆರಡು ವರ್ಷ ಇದ್ದರೆ ಹತ್ತಾರು ವ್ಯಾಪಾರಗಳ ಪುಸ್ತಕ ಕೈಗೆ ಬರುತ್ತದೆ. ಕಂಪನಿಯಲ್ಲಿ ಒಂದೇ ಟೇಬಲ್ಲಿನ ಕೆಲಸ, ಆದರೆ ಪಿಎಫ್, ರಜೆ, ಸಮಯ ಕ್ರಮವಾಗಿರುತ್ತದೆ. ಮೊದಲ ಕೆಲಸಕ್ಕೆ ನನ್ನ ಮತ ಆಡಿಟರ್ ಆಫೀಸಿಗೆ.

ಕೆಲಸ ಸಿಗಲು ತಡವಾದರೆ ಯುವನಿಧಿ ಮರೆಯಬೇಡಿ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾ ಸಿಂಧುವಿನಲ್ಲಿ. ಕೆಲಸಕ್ಕೆ ಸೇರಿದ ಕೂಡಲೇ ನಿಲ್ಲಿಸಬೇಕು.

ಬಿಲ್‌ಬುಕ್
ಒಂದು ಎಚ್ಚರಿಕೆ. ಕೆಲಸ ಕೊಡುತ್ತೇವೆ ಎಂದು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡಿಪಾಸಿಟ್, ತರಬೇತಿ ಶುಲ್ಕ ಕೇಳಿದರೆ ಅಲ್ಲಿಗೇ ಬಿಡಿ. ಮೂಲ ಅಂಕಪಟ್ಟಿ ಒತ್ತೆ ಇಡಬೇಡಿ, ತೋರಿಸಿ ವಾಪಸ್ ಪಡೆಯಿರಿ. ಹೋಗುವ ಮುಂಚೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ ನೋಡಿ. ಲಾಗಿನ್ ಬೇಡ. ಕಾನೂನುಬದ್ಧ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಸಲ್ಲಿಸುತ್ತಿದ್ದಾರೋ ಇಲ್ಲವೋ, ಎಲ್ಲ ಕಾಣುತ್ತದೆ. ಕಾಲಕ್ಕೆ ಸರಿಯಾಗಿ ರಿಟರ್ನ್ ಹಾಕದವರು ಕಾಲಕ್ಕೆ ಸರಿಯಾಗಿ ಸಂಬಳ ಹಾಕುತ್ತಾರೆಯೇ ಎಂದು ಯೋಚಿಸಿ. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೊಸಖಾತೆ
ಎರಡು ವಾರದಿಂದ ನೀವೆಲ್ಲ ಹೇಳಿದಂತೆ ಒಂದು ತಿಂಗಳ ಲೆಕ್ಕ ಬರೆಯುತ್ತಿದ್ದೇನೆ. ಒಂದು ಕಡೆ ಅನುಮಾನ. ಕಂಪನಿಯ ಆಫೀಸ್ ಬಾಡಿಗೆ ತಿಂಗಳಿಗೆ 60,000, ಟಿಡಿಎಸ್ (ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಶೇ. 10. ಹಾಗಾಗಿ ಬಾಡಿಗೆ ಖಾತೆಗೆ 54,000 ಡೆಬಿಟ್, ಬ್ಯಾಂಕ್ 54,000 ಕ್ರೆಡಿಟ್ ಹಾಕಿದೆ. ಸರಿಯೇ?

ಜಮಾಖರ್ಚು
ತಪ್ಪು, ಇಂಟರ್‌ವ್ಯೂನಲ್ಲೂ ಬಹಳ ಜನ ಇದನ್ನೇ ಮಾಡುತ್ತಾರೆ. ಖರ್ಚು 60,000ವೇ. ಕಡಿದಿಟ್ಟ 6,000 ಮನೆ ಮಾಲೀಕರ ಪರವಾಗಿ ಸರ್ಕಾರಕ್ಕೆ ಕಟ್ಟುವ ಸಾಲ. ಬಾಡಿಗೆ ಖಾತೆ 60,000 ಡೆಬಿಟ್, ಟಿಡಿಎಸ್ ಪೇಯಬಲ್ 6,000 ಕ್ರೆಡಿಟ್, ಮಾಲೀಕರ ಖಾತೆ 54,000 ಕ್ರೆಡಿಟ್. ಬ್ಯಾಂಕಿನಿಂದ ಕೊಟ್ಟಾಗ ಮಾಲೀಕರ ಖಾತೆ ತೀರುತ್ತದೆ. ಮುಂದಿನ ತಿಂಗಳ 7ರೊಳಗೆ ಆ 6,000 ಕಟ್ಟಬೇಕು, ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30. ತಿಂಗಳ ಬಾಡಿಗೆ 50,000 ಮೀರಿದ್ದರಿಂದ ಇಲ್ಲಿ ಕಡಿತ ಬಂತು. ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 194ಐ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸಂಬಳ ಬಿಟ್ಟು ಉಳಿದ ಬಹುತೇಕ ಟಿಡಿಎಸ್ 393ನೇ ಸೆಕ್ಷನ್‌ಗೆ ಬರುತ್ತದೆ. ಹಳೆಯ ಸಂಖ್ಯೆಯಲ್ಲೇ ಕೇಳುವವರು ಇನ್ನೂ ಬಹಳ ದಿನ ಇರುತ್ತಾರೆ, ಎರಡೂ ತಿಳಿದಿರಲಿ.

ಬಿಲ್‌ಬುಕ್
ಅದೇ ಎಂಟ್ರಿಗೆ ಬಾಲಂಗೋಚಿ ಒಂದಿದೆ. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಬಾಡಿಗೆದಾರ ಕಂಪನಿಗೆ ಇದೆ ಎಂದಾದರೆ, 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಕಟ್ಟಡದ ಬಾಡಿಗೆ ಮೇಲೆ ರಿವರ್ಸ್ ಚಾರ್ಜ್. 60,000ಕ್ಕೆ ಶೇ. 18, ಅಂದರೆ 10,800 ಅನ್ನು ಕಂಪನಿಯೇ ನಗದಾಗಿ ಕಟ್ಟಬೇಕು, ಕ್ರೆಡಿಟ್ ಲೆಡ್ಜರಿನಿಂದ ಕಟ್ಟಲು ಬರುವುದಿಲ್ಲ. ಕಟ್ಟಿದ ಮೇಲೆ ಅರ್ಹತೆ ಇದ್ದರೆ ಅಷ್ಟನ್ನೂ ಇನ್‌ಪುಟ್ ಆಗಿ ತೆಗೆದುಕೊಳ್ಳಬಹುದು. ನಿಮ್ಮ ಅಭ್ಯಾಸದ ಪುಸ್ತಕದಲ್ಲಿ ಮಾಲೀಕರಿಗೆ ನೋಂದಣಿ ಇಲ್ಲ ಎಂದಿಟ್ಟುಕೊಂಡು ಈ ಎಂಟ್ರಿಯನ್ನೂ 31ನೇ ತಾರೀಖಿಗೆ ಹಾಕಿ, 3ಬಿಯಲ್ಲಿ ಅದು 3.1(ಡಿ) ಸಾಲಿನಲ್ಲಿ ಬಂದು ಕೂತಿದೆಯೇ ನೋಡಿ. ಬಂದಿಲ್ಲವಾದರೆ ಬಾಡಿಗೆ ಲೆಡ್ಜರಿನಲ್ಲಿ ರಿವರ್ಸ್ ಚಾರ್ಜ್‌ಗೆ ‘ಯೆಸ್’ ಎಂದು ಆರಿಸಿದ್ದೀರಾ ಎಂದು ಮೊದಲು ನೋಡಿ.